ಕದ್ದ ಸೈಕಲ್ಲನ್ನು ಕೊಳ್ಳುವವರು ಯಾರು?



ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ರೈಲುಗಳಲ್ಲಿ ದಿನವೂ ಸಾವಿರಾರು ಜನ ದುಡಿಮೆಗೆ ಹೋಗಿಬರುತ್ತಾರೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳಿಗೆ ಈ ರೈಲೇ ಅನ್ನದ ದಾರಿ. ನಿಲ್ದಾಣ ತಲುಪಲು ಸೈಕಲ್ಲನ್ನೇ ನಂಬಿದವರ ಸ್ಥಿತಿ ಯೋಚಿಸಿ. ಸಂಜೆ ಬಂದಾಗ ನಿಲ್ಲಿಸಿದ ಜಾಗದಲ್ಲಿ ಅದು ಇಲ್ಲದಿದ್ದರೆ, ಮರುದಿನದ ರೈಲೂ ತಪ್ಪಬಹುದು, ಕೂಲಿಯೂ ತಪ್ಪಬಹುದು.

ಕದ್ದವನಿಗೆ ಸಿಗುವುದಾದರೂ ಎಷ್ಟು? ಹಳೆಯ ಮಾದರಿಯ ಸೈಕಲ್ ಸುಮಾರು 20 ಕಿಲೋ ತೂಗುತ್ತದೆ. ಗುಜರಿಯಲ್ಲಿ ಕಿಲೋಗೆ 25 ರೂಪಾಯಿ ಎಂದು ಲೆಕ್ಕ ಹಿಡಿದರೂ ಬರುವುದು 500 ರೂಪಾಯಿ. ಹೊಸದಕ್ಕೆ ಇದರ ಹಲವು ಪಟ್ಟು ತೆರಬೇಕು.

ಇಷ್ಟು ಅಗ್ಗಕ್ಕೆ ಏಕೆ ಮಾರುತ್ತಾರೆ? ಒಂದು ಕಾರಣ ವ್ಯಸನ. ಮದ್ಯಕ್ಕೆ ಒಗ್ಗಿದ ಮಿದುಳು ಅದು ಇದ್ದರಷ್ಟೇ ಸಮತೋಲನದಲ್ಲಿರುತ್ತದೆ. ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಕಳವಳ ಶುರುವಾಗುತ್ತವೆ. ಆ ಸ್ಥಿತಿಯಲ್ಲಿರುವವನಿಗೆ ನಾಳೆಯ ಸಾವಿರಕ್ಕಿಂತ ಈ ಕ್ಷಣದ ನೂರು ದೊಡ್ಡದು. ಎದುರಿಗೆ ಕಾಣುವ, ಸುಲಭವಾಗಿ ಸಾಗಿಸಬಹುದಾದ ಸೈಕಲ್ಲು ಅವನ ಕಣ್ಣಿಗೆ ನಗದು ಹಣ.

ಹಾಗೆಂದು ವ್ಯಸನಿಗಳೆಲ್ಲ ಕಳ್ಳರಲ್ಲ. ಬಡವರಂತೂ ಅಲ್ಲವೇ ಅಲ್ಲ. ಕಳೆದುಕೊಂಡವರೂ ಅನೇಕ ಸಲ ಬಡವರೇ. ಬಡತನ ಮಾಡುವ ಕೆಡುಕು ಬೇರೆ: ಚಿಕಿತ್ಸೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆಂಬ ಭಯ ಹುಟ್ಟಿಸುತ್ತದೆ, ರಸೀದಿ ಇಲ್ಲದ ಅಗ್ಗದ ಸೈಕಲ್ಲಿಗೆ ಗಿರಾಕಿಗಳನ್ನೂ ಒದಗಿಸುತ್ತದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಒಂದು ಪಾನೀಯ ನಿಂತ ಮಾತ್ರಕ್ಕೆ ವ್ಯಸನವೆಂಬ ಕಾಯಿಲೆ ವಾಸಿಯಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಆದರೆ ಕದ್ದದ್ದೆಂದು ತಿಳಿದೂ ಕೊಂಡವನಿಗೆ 317ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಕೊಳ್ಳುವವರು ಇಲ್ಲದಿದ್ದರೆ ಕಳ್ಳಮಾಲಿಗೆ ಬೆಲೆಯೇ ಇಲ್ಲವಲ್ಲವೇ?

ನೀವು ಮಾಡಬಹುದಾದದ್ದು ಇಷ್ಟು. ಸೈಕಲ್ಲಿನ ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ರಸೀದಿ ಜೋಪಾನ ಮಾಡಿ. ಚಕ್ರಕ್ಕೆ ಮಾತ್ರ ಬೀಗ ಹಾಕದೆ, ಚೌಕಟ್ಟನ್ನೂ ಸೇರಿಸಿ ಕಂಬಕ್ಕೆ ಬಿಗಿಯಿರಿ. ಕಳುವಾದರೆ ಹಳೆಯದೆಂದು ಸುಮ್ಮನಾಗದೆ ಠಾಣೆಗೆ ದೂರು ಕೊಡಿ. ರಸೀದಿಯಿಲ್ಲದ ಸೈಕಲ್ಲನ್ನು ಕೊಳ್ಳಬೇಡಿ.

ಮನೆಯಲ್ಲಿ ವ್ಯಸನಿಗಳಿದ್ದರೆ ಬೈದು, ಕೂಡಿಹಾಕಿ ಕುಡಿತ ಬಿಡಿಸಲು ಹೋಗಬೇಡಿ. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ನೆರವಿನಲ್ಲೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 14446 ರಾಷ್ಟ್ರೀಯ ಉಚಿತ ಸಹಾಯವಾಣಿ. ಸೈಕಲ್ಲಿಗೆ ಬೀಗ ಹಾಕುವಷ್ಟೇ ಮುತುವರ್ಜಿಯಿಂದ ಈ ಸಂಖ್ಯೆಯನ್ನು ಅಗತ್ಯವಿದ್ದವರಿಗೆ ತಲುಪಿಸಿ.