ಮಾಯದ ಗಜಕರ್ಣ: ಬೆಕ್ಕಿನ ರಕ್ತವನ್ನೂ ನೋಡಿಸಿ

ಜೂನ್‌ನಲ್ಲಿ ಹಿಡಿದ ಮಳೆ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಒಗೆದ ಬಟ್ಟೆ ಒಣಗದು, ಚಪ್ಪಲಿಗೂ ಬೂಷ್ಟು. ಬಚ್ಚಲ ಒಲೆಯ ಪಕ್ಕ ಬೆಚ್ಚಗೆ ಮಲಗಿದ ಬೆಕ್ಕಿನ ಕಿವಿಯಲ್ಲೋ ಮುಂಗಾಲಿನಲ್ಲೋ ರೂಪಾಯಿಯಗಲದ ಬೋಳು ಕಲೆ ಕಂಡರೆ ಅದು ಗಜಕರ್ಣವಿರಬಹುದು. ಬೆಕ್ಕುಗಳಲ್ಲಿ ಇದಕ್ಕೆ ಮುಖ್ಯ ಕಾರಣ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ.

ಗಟ್ಟಿಮುಟ್ಟಾದ ಬೆಕ್ಕಿನಲ್ಲಿ ಇದು ಎರಡು ಮೂರು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುವುದುಂಟು. ಮೈತುಂಬ ಹರಡಿದರೆ, ಔಷಧಿ ಬಿಟ್ಟ ಕೂಡಲೇ ಮರುಕಳಿಸಿದರೆ, ಚರ್ಮವನ್ನಷ್ಟೇ ನೋಡಿದರೆ ಸಾಲದು. ಎಳೆಮರಿ, ಮುದಿ ಬೆಕ್ಕು, ಹೊಟ್ಟೆಗಿಲ್ಲದೆ ಸೊರಗಿದ್ದು, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವುದು, ಇವುಗಳ ರೋಗನಿರೋಧಕ ಶಕ್ತಿ ಕಡಿಮೆ. ಇವಲ್ಲದೆ ಆ ಶಕ್ತಿಯನ್ನು ಕುಗ್ಗಿಸುವ ಎರಡು ವೈರಸ್‌ಗಳಿವೆ. ಒಂದು ಬೆಕ್ಕಿನ ಲ್ಯುಕೇಮಿಯಾ ವೈರಸ್, 1964ರಲ್ಲಿ ಗ್ಲಾಸ್ಗೋದಲ್ಲಿ ಪತ್ತೆಯಾದದ್ದು. ಇನ್ನೊಂದು ಎಫ್‌ಐವಿ, ಮನುಷ್ಯರ ಎಚ್‌ಐವಿಯ ದಾಯಾದಿ, 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಇವೆರಡೂ ಮನುಷ್ಯರಿಗೆ ತಗಲುವುದಿಲ್ಲ.

ಎಫ್‌ಐವಿ ಮುಖ್ಯವಾಗಿ ಹರಡುವುದು ಕಚ್ಚಾಟದಿಂದ. ಕಾಸರಕೋಡು, ತದಡಿಯಂಥ ಬಂದರುಗಳಲ್ಲಿ ಮೀನಿನ ಬುಟ್ಟಿಯ ಸುತ್ತ ಗುರುಗುಟ್ಟುವ ಗಂಡು ಬೆಕ್ಕುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ತೇವ ಏರುವ ಹೊತ್ತಿಗೇ ಬಂದರಿನ ಬೆಕ್ಕುಗಳ ಊಟವೂ ಇಳಿಯುತ್ತದೆ.

ಕಣ್ಣಂದಾಜಿನಲ್ಲಿ ರೋಗ ಹೇಳುವುದು ಅಪಾಯ. ಚಿಗಟದ ಅಲರ್ಜಿ, ನುಸಿಯ ಕಜ್ಜಿ ಕೂಡ ಗಜಕರ್ಣದಂತೆಯೇ ಕಾಣುತ್ತವೆ. ವೈದ್ಯರು ಕತ್ತಲೆ ಕೋಣೆಯಲ್ಲಿ ವುಡ್ಸ್ ದೀಪದ ನೇರಳಾತೀತ ಬೆಳಕು ಬಿಟ್ಟಾಗ ಸೋಂಕಿದ ಕೂದಲಿನ ಬುಡ ಎಳೆಹಸಿರಾಗಿ ಹೊಳೆಯಬಹುದು. ಹೊಳೆಯದಿದ್ದರೆ ಸೋಂಕಿಲ್ಲ ಎನ್ನುವಂತಿಲ್ಲ. ಹಚ್ಚಿದ ಮುಲಾಮೂ ಹೊಳೆದು ದಾರಿ ತಪ್ಪಿಸುತ್ತದೆ. ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಮೈಯೆಲ್ಲ ಬಾಚಿ, ಸಿಕ್ಕ ಕೂದಲು, ಹೊಟ್ಟನ್ನು ಕಲ್ಚರ್ ತಟ್ಟೆಗೆ ಒತ್ತುವುದು ನೆಚ್ಚಬಹುದಾದ ದಾರಿ. ಬಿಳಿ ಹತ್ತಿಯಂಥ ಬೆಳೆಯ ಜೊತೆಗೇ ತಟ್ಟೆ ಕೆಂಪಾದರೆ ಅನುಮಾನ ಬಲವಾಗುತ್ತದೆ, ಸೂಕ್ಷ್ಮದರ್ಶಕ ಖಚಿತಪಡಿಸುತ್ತದೆ. ಇದಕ್ಕೆ ಎರಡು ಮೂರು ವಾರ ಬೇಕು. ಎರಡು ವೈರಸ್‌ಗಳ ಕಿಟ್‌ಗಾದರೋ ಕೆಲವು ಹನಿ ರಕ್ತ, ಕೆಲವೇ ನಿಮಿಷ.

ಔಷಧಿಗೆ ಮೊದಲೇ ರಕ್ತ ಪರೀಕ್ಷೆ ಏಕೆ? ಗ್ರಿಸಿಯೋಫುಲ್ವಿನ್ ಗಜಕರ್ಣಕ್ಕೆ ಕೊಡುವ ಹಳೆಯ, ಅಗ್ಗದ ಮಾತ್ರೆ. ಎಫ್‌ಐವಿ ಇರುವ ಬೆಕ್ಕಿಗೆ ಅದನ್ನು ಕೊಟ್ಟರೆ ಅಸ್ಥಿಮಜ್ಜೆ ಕುಸಿದು ಬಿಳಿ ರಕ್ತಕಣಗಳೇ ಬತ್ತಿಹೋಗಬಹುದು. ಗಬ್ಬದ ಬೆಕ್ಕಿಗಂತೂ ಬೇಡವೇ ಬೇಡ. ಈಗ ಹೆಚ್ಚಾಗಿ ಬಳಸುವುದು ಇಟ್ರಾಕೊನಜೋಲ್: ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು, ಹೀಗೆ ಮೂರು ಸುತ್ತು. 3 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 15 ಮಿಲಿಗ್ರಾಂ. ಮೆಡಿಕಲ್ ಅಂಗಡಿಯ ಕ್ಯಾಪ್ಸೂಲಿನಲ್ಲಿರುವುದು ಸಾಮಾನ್ಯವಾಗಿ 100. ಅಂದಾಜಿನಲ್ಲಿ ಬಿಡಿಸಿ ಕೊಡುವ ಔಷಧಿ ಇದಲ್ಲ, ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ಜೊತೆಗೆ ವಾರಕ್ಕೆರಡು ಸಲ ಔಷಧಿಯ ಶಾಂಪೂ. ಕೂದಲು ಬಂತೆಂದು ಚಿಕಿತ್ಸೆ ನಿಲ್ಲಿಸುವುದು ಅವಸರ, ಮರುಪರೀಕ್ಷೆಯಲ್ಲಿ ಶಿಲೀಂಧ್ರ ಕಾಣದಾಗಲೇ ಗುಣವೆನ್ನಬೇಕು.

ಮೂಗಿನ ಮೇಲ್ಭಾಗ ಊದಿ, ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿದ್ದರೆ ಅದು ಬೇರೆ ಕಥೆ. ಪಾರಿವಾಳದ ಹಿಕ್ಕೆಯಿರುವ ಮಣ್ಣಿನಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್ ಉಸಿರಿನ ಜೊತೆ ಒಳಹೊಕ್ಕಿರಬಹುದು. ರಕ್ತದಲ್ಲಿ ಅದರ ಆ್ಯಂಟಿಜೆನ್ ಹುಡುಕಬಹುದು; ಫ್ಲುಕೊನಜೋಲ್ ತಿಂಗಳುಗಟ್ಟಲೆ ಬೇಕು. ಈ ಸೋಂಕು ಬೆಕ್ಕಿನಿಂದ ನಮಗೆ ಹರಡದು. ಗಜಕರ್ಣ ಹರಡುತ್ತದೆ, ಮಕ್ಕಳಿಗೆ ಇನ್ನೂ ಬೇಗ.

ಮನೆಮಂದಿಗೆ ತಂದ ಮುಲಾಮನ್ನೇ ಬೆಕ್ಕಿಗೂ ಸವರುವ ರೂಢಿ ನಮ್ಮಲ್ಲಿದೆ. ಅಂಥ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಕೆಂಪು ಇಳಿದರೂ ಶಿಲೀಂಧ್ರ ಕೊಬ್ಬುತ್ತದೆ, ಉಳಿದದ್ದನ್ನು ಬೆಕ್ಕು ನೆಕ್ಕುತ್ತದೆ. ಈಗಾಗಲೇ ಹಚ್ಚಿದ್ದರೆ ಮುಚ್ಚಿಡಬೇಡಿ. ಪಶು ಆಸ್ಪತ್ರೆಗೆ ಬೆಕ್ಕಿನ ಜೊತೆ ಆ ಟ್ಯೂಬನ್ನೂ ಒಯ್ಯಿರಿ.