ಮಸ್ಕಿ ಪರಿಸರದ ಪ್ರಾಚೀನ ಮಡಕೆಗಳು ಮತ್ತು ಸಸ್ಯರೂಪದ ಪ್ರಶ್ನೆ

ಎಲೆ, ಮೊಗ್ಗು, ಬೀಜಕೋಶಗಳ ಆಕಾರವನ್ನು ಮಣ್ಣಿನಲ್ಲಿ ಮೂಡಿಸುವುದು ಆಧುನಿಕ ಸೆರಾಮಿಕ್ ಶಿಲ್ಪಿಗಳ ಒಲವುಗಳಲ್ಲೊಂದು. ಆದರೆ ಮಣ್ಣಿನ ಕಲೆಗೂ ಸಸ್ಯಲೋಕಕ್ಕೂ ಇರುವ ಸಂಬಂಧ ಆಕಾರದ ಅನುಕರಣೆಗಷ್ಟೇ ಸೀಮಿತವೇ? ರಾಯಚೂರು ಜಿಲ್ಲೆಯ ಮಸ್ಕಿ ಪರಿಸರದ ಮಡಕೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಲಿಂಗಸುಗೂರು–ಸಿಂಧನೂರು ಮಾರ್ಗದಲ್ಲಿರುವ ಮಸ್ಕಿಯು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದ ಹೆಸರಾಗಿದೆ. 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನವು ಈ ನೆಲದ ಚರಿತ್ರೆಯನ್ನು ಶಾಸನಕ್ಕಿಂತ ಬಹಳ ಹಿಂದಕ್ಕೆ ಒಯ್ದಿತು. ನವಶಿಲಾ–ತಾಮ್ರಶಿಲಾಯುಗದ ಬೂದುಬಣ್ಣದ ಮಡಕೆಗಳು, ಬೃಹತ್ ಶಿಲಾಯುಗದ ಕಪ್ಪು–ಕೆಂಪು ಮಡಕೆಗಳು, ಇತಿಹಾಸದ ಆರಂಭಕಾಲದ ಬಿಳಿ ಚಿತ್ರಣದ ಮಡಕೆಗಳು ಅಲ್ಲಿ ಅನುಕ್ರಮವಾಗಿ ದೊರೆತವು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನದಲ್ಲಿಯೂ ನವಶಿಲಾಯುಗದ ಬೂದು ಮಡಕೆಗಳು ಸಿಕ್ಕಿವೆ.

ದುಂಡು ಹೊಟ್ಟೆಯ ಮಡಕೆಯನ್ನು ಕಂಡೊಡನೆ ಸೋರೆಬುರುಡೆ ನೆನಪಾಗುವುದು ಸಹಜ. ಆದರೆ ಹೋಲಿಕೆಯೊಂದೇ ಅನುಕರಣೆಗೆ ಸಾಕ್ಷಿಯಾಗಲಾರದು. ದುಂಡು ತಳಕ್ಕೆ ಬೆಂಕಿಯ ಶಾಖ ಸಮನಾಗಿ ತಗಲುತ್ತದೆ ಎಂಬ ಉಪಯುಕ್ತತೆಯೂ ಆ ಆಕಾರಕ್ಕೆ ಕಾರಣವಾಗಿರಬಹುದು. ಬಿಳಿ ಚಿತ್ರಣದ ಮಡಕೆಗಳಲ್ಲಿಯೂ ಎಲೆ–ಬಳ್ಳಿಗಳಿಗಿಂತ ರೇಖಾವಿನ್ಯಾಸಗಳೇ ಪ್ರಧಾನವಾಗಿವೆ.

ಸಸ್ಯದ ನಿಜವಾದ ಪಾತ್ರ ಕಾಣುವುದು ಕಪ್ಪು–ಕೆಂಪು ಮಡಕೆಗಳ ಬಣ್ಣದಲ್ಲಿ. ಇವುಗಳ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈಯ ಕೆಳಭಾಗ ಕೆಂಪು. ವಿದ್ವಾಂಸರು ಸಾಮಾನ್ಯವಾಗಿ ನೀಡುವ ವಿವರಣೆಯಂತೆ, ಹೊಟ್ಟು, ಹುಲ್ಲು ಮೊದಲಾದ ಸಸ್ಯವಸ್ತುಗಳನ್ನು ಒಳಗೆ ತುಂಬಿ ಮಡಕೆಯನ್ನು ಬೋರಲಾಗಿ ಇಟ್ಟು ಸುಡಲಾಗುತ್ತಿತ್ತು. ಗಾಳಿಯಾಡದ ಒಳಭಾಗದಲ್ಲಿ ಇಂಗಾಲ ಮಣ್ಣಿಗೆ ಹತ್ತಿ ಕಪ್ಪಾಗುತ್ತದೆ. ಗಾಳಿ ತಗಲಿದ ಹೊರಭಾಗದಲ್ಲಿ ಮಣ್ಣಿನ ಕಬ್ಬಿಣಾಂಶ ಆಮ್ಲಜನಕದೊಡನೆ ಸೇರಿ ಕೆಂಪಾಗುತ್ತದೆ. ಎರಡು ಬಾರಿ ಸುಟ್ಟು ಈ ಬಣ್ಣ ತರಲಾಗುತ್ತಿತ್ತೆಂಬ ಅಭಿಪ್ರಾಯವೂ ಇದೆ. ವಿಧಾನ ಯಾವುದೇ ಆಗಿರಲಿ, ಕಪ್ಪುಬಣ್ಣಕ್ಕೆ ಉರಿದ ಸಸ್ಯದ ಇಂಗಾಲವೇ ಆಧಾರ.

ಹೀಗೆ ಇಲ್ಲಿಯ ಕುಂಬಾರನು ಸಸ್ಯವನ್ನು ಮಡಕೆಯ ಮೇಲೆ ಚಿತ್ರಿಸದೆ ಮಡಕೆಯೊಳಗೇ ಬೆರೆಸಿದನು. ಮಸ್ಕಿಯ ಸಮಾಧಿಗಳಲ್ಲಿ ಸತ್ತವರೊಡನೆ ಇರಿಸಿದ ಮಡಕೆಗಳೂ ದೊರೆತಿವೆ; ಬೆಳೆದು ಉರಿದ ಹುಲ್ಲಿನ ಗುರುತು ಹೀಗೆ ಮನುಷ್ಯರೊಡನೆ ಮಣ್ಣು ಸೇರಿತು. ಶಾಸನವು ಅರಸನ ಮಾತನ್ನು ಉಳಿಸಿದರೆ, ಅಕ್ಷರವಿಲ್ಲದ ಈ ಚೂರುಗಳು ಹೆಸರಿಲ್ಲದ ಕುಶಲಕರ್ಮಿಗಳ ಅರಿವನ್ನು ಉಳಿಸಿವೆ. ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ಇಂಥ ಚೂರುಗಳನ್ನು ಕಲ್ಲಿನ ಬರಹದಷ್ಟೇ ಜತನದಿಂದ ಓದಬೇಕಾಗಿದೆ.