ಫ್ರಿಜ್ಜಿನ ನಾಬ್, ಕಾರಿನ ಹೀಟರ್: ಎಲ್ಲಿದೆ, ಎಷ್ಟಕ್ಕಿಡಬೇಕು?

ಕೋಲಾರದ ಕಡೆ ಏಪ್ರಿಲ್ ಮಧ್ಯಾಹ್ನಕ್ಕೂ ಡಿಸೆಂಬರ್ ಬೆಳಗಿನ ಜಾವಕ್ಕೂ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರ. ಆದರೆ ಬಹಳಷ್ಟು ಮನೆಗಳಲ್ಲಿ ಫ್ರಿಜ್ಜಿನ ನಾಬ್ ಅಂಗಡಿಯಿಂದ ತಂದಿಳಿಸಿದ ದಿನ ಎಲ್ಲಿತ್ತೋ ವರ್ಷವಿಡೀ ಅಲ್ಲೇ ಇರುತ್ತದೆ. ಕಾರಿನಲ್ಲಿ ನೀಲಿಯಿಂದ ಕೆಂಪಿಗೆ ಹೋಗುವ ನಾಬನ್ನಂತೂ ‘ನಮ್ಮೂರಿಗೆ ಹೀಟರ್ ಯಾಕೆ’ ಎಂದು ಮುಟ್ಟದವರೇ ಹೆಚ್ಚು. ಎರಡನ್ನೂ ಹವೆಗೆ ತಕ್ಕಂತೆ ಬದಲಾಯಿಸಬೇಕು. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ತಿರುಗಿಸಿದಾಗ ಒಳಗೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ನಾಬ್ ಸಾಮಾನ್ಯವಾಗಿ ಒಳಗೇ ಇರುತ್ತದೆ: ಮೇಲ್ಭಾಗದಲ್ಲಿ, ಐಸ್ ಬಾಕ್ಸಿನ ಪಕ್ಕ ಅಥವಾ ಕೆಳಗೆ, ಬಲ್ಬ್ ಕೂರಿಸಿದ ಪ್ಲಾಸ್ಟಿಕ್ ಡಬ್ಬಿಯ ಮೇಲೆ. ಪಾತ್ರೆಗಳು ಅಡ್ಡ ಬಂದು ಎಷ್ಟೋ ಸಲ ಕಾಣುವುದೇ ಇಲ್ಲ. ಅದರ ಮೇಲೆ 1ರಿಂದ 5 ಅಥವಾ 7ರವರೆಗೆ ಅಂಕಿಗಳಿರುತ್ತವೆ, ನಟ್ಟನಡುವೆ ಒತ್ತುವ ಚಿಕ್ಕ ಬಟನ್ ಇದ್ದರೆ ಅದು ಐಸ್ ಕರಗಿಸುವ ಡಿಫ್ರಾಸ್ಟ್ ಬಟನ್. ಈ ಅಂಕಿಗಳನ್ನು ಡಿಗ್ರಿ ಎಂದು ಓದಿಕೊಳ್ಳುವುದರಿಂದಲೇ ಅರ್ಧ ಗೊಂದಲ. 2ಕ್ಕೆ ಇಟ್ಟರೆ ಒಳಗೆ 2 ಡಿಗ್ರಿ ಇರುತ್ತದೆ ಎಂದೇನಿಲ್ಲ. ಅಂಕಿ ಏರಿದಷ್ಟೂ ತಂಪು ಹೆಚ್ಚು, ಅಷ್ಟೇ.

ನಾಬಿನ ಹಿಂದೆ ಥರ್ಮೋಸ್ಟಾಟ್ ಇದೆ. ಅದರಿಂದ ಹೊರಟ ತೆಳ್ಳನೆಯ ಲೋಹದ ಕೊಳವೆಯ ತುದಿ ಐಸ್ ಬಾಕ್ಸಿನ ಗೋಡೆಗೆ ತಾಗಿಕೊಂಡಿರುತ್ತದೆ. ಕೊಳವೆಯೊಳಗೆ ಅನಿಲ ತುಂಬಿ ಮುಚ್ಚಿರುತ್ತಾರೆ. ಐಸ್ ಬಾಕ್ಸ್ ತಣ್ಣಗಾದಂತೆ ಆ ಅನಿಲದ ಒತ್ತಡ ಇಳಿದು ಸ್ವಿಚ್ ಬಿಟ್ಟುಕೊಳ್ಳುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಶಾಖ ಏರಿದಾಗ ಒತ್ತಡವೂ ಏರಿ ಕಂಪ್ರೆಸರ್ ಮತ್ತೆ ಹೊರಡುತ್ತದೆ. ನಾವು ನಾಬ್ ತಿರುಗಿಸಿದಾಗ ಒಳಗಿನ ಸ್ಪ್ರಿಂಗಿನ ಬಿಗಿ ಬದಲಾಗುತ್ತದೆ, ಅಂದರೆ ಎಷ್ಟು ತಣ್ಣಗಾದ ಮೇಲೆ ನಿಲ್ಲಬೇಕು ಎಂಬುದನ್ನು ಕಂಪ್ರೆಸರಿಗೆ ಹೇಳಿದ ಹಾಗೆ. ಹಾಗಾಗಿ ನೆಂಟರು ಬಂದಾಗ ನೀರು ಬೇಗ ತಣ್ಣಗಾಗಲಿ ಎಂದು 7ಕ್ಕೆ ತಿರುಗಿಸಿದರೆ ಏನೂ ಬೇಗವಾಗುವುದಿಲ್ಲ. ಸಾಮಾನ್ಯ ಕಂಪ್ರೆಸರ್ ಓಡುವುದು ಒಂದೇ ವೇಗದಲ್ಲಿ. ನಿಲ್ಲುವ ಹೊತ್ತು ಮಾತ್ರ ಮುಂದಕ್ಕೆ ಹೋಗುತ್ತದೆ.

ಬೇಸಿಗೆಯಲ್ಲಿ 7ಕ್ಕಿಟ್ಟು ಮರೆತರೆ ಆ ನಿಲ್ಲುವ ಹೊತ್ತು ಬರುವುದೇ ಇಲ್ಲ. ಕಂಪ್ರೆಸರ್ ದಿನವಿಡೀ ಓಡುತ್ತದೆ, ಬಾಗಿಲು ತೆರೆದಾಗಲೆಲ್ಲ ಒಳ ಹೊಕ್ಕ ತೇವ ಐಸ್ ಬಾಕ್ಸಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆ ಮಂಜುಗಡ್ಡೆ ಕಂಬಳಿಯಂತೆ ತಂಪನ್ನು ಒಳಗೇ ಹಿಡಿದಿಡುವುದರಿಂದ ಕೆಳಗಿನ ಹಾಲು ಕೆಡುತ್ತದೆ. ತಂಪು ಸಾಲದೆಂದು ನಾಬನ್ನು 7ರಲ್ಲೇ ಉಳಿಸಿದರೆ ತೊಂದರೆ ಹೆಚ್ಚುತ್ತದೆ. ಗಡ್ಡೆ ಅರ್ಧ ಸೆಂಟಿಮೀಟರ್ ದಪ್ಪ ಆಗುವ ಹೊತ್ತಿಗೆ ಡಿಫ್ರಾಸ್ಟ್ ಒತ್ತಿ ಅಥವಾ ಪ್ಲಗ್ ಕಿತ್ತು ಬಾಗಿಲು ತೆರೆದಿಡಿ. ಚಾಕುವಿನಿಂದ ಮಾತ್ರ ದಯವಿಟ್ಟು ಕೆರೆಯಬೇಡಿ. ಐಸ್ ಬಾಕ್ಸಿನ ಗೋಡೆ ತೆಳು ಅಲ್ಯೂಮಿನಿಯಂ, ಅದರೊಳಗೇ ಅನಿಲ ಹರಿಯುತ್ತದೆ. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವ ಆರ್-600ಎ ಎಂಬುದು ಐಸೋಬ್ಯೂಟೇನ್, ಬೆಂಕಿ ಹತ್ತುವ ಅನಿಲ.

ಡಿಸೆಂಬರ್, ಜನವರಿಯಲ್ಲಿ ಇದರ ತಿರುಗುಮುರುಗು. ಹೊರಗೇ ತಣ್ಣಗಿರುವಾಗ ಬೇಸಿಗೆಯ ಅಂಕಿಯನ್ನೇ ಉಳಿಸಿದರೆ ಐಸ್ ಬಾಕ್ಸಿನ ನೇರ ಕೆಳಗಿನ ತಟ್ಟೆಯಲ್ಲಿಟ್ಟ ಕೊತ್ತಂಬರಿ ಸೊಪ್ಪು ಮೊದಲು ಗಾಜಿನ ಹಾಳೆಯಂತೆ ಪಾರದರ್ಶಕವಾಗಿ, ಹೊರತೆಗೆದ ಅರ್ಧ ಗಂಟೆಯಲ್ಲಿ ಕಪ್ಪಾಗಿ ಮೆತ್ತಗಾಗುತ್ತದೆ. ಸೊಪ್ಪು ಹಾಗಾಯಿತೆಂದರೆ ಒಂದಂಕಿ ಇಳಿಸಿ.

ಡಬಲ್ ಡೋರಿನಲ್ಲಿ ಎರಡು ನಾಬ್ ಇರುತ್ತವೆ. ಹಲವು ಮಾದರಿಗಳಲ್ಲಿ ಕಂಪ್ರೆಸರಿಗೆ ಅಪ್ಪಣೆ ಕೊಡುವುದು ಅವುಗಳಲ್ಲಿ ಒಂದೇ, ಇನ್ನೊಂದು ಫ್ರೀಜರಿನ ತಣ್ಣನೆಯ ಗಾಳಿಯಲ್ಲಿ ಎಷ್ಟು ಕೆಳಗಿನ ಭಾಗಕ್ಕೆ ಹೋಗಬೇಕೆಂದು ಕಿಂಡಿ ತೆರೆದು ಮುಚ್ಚುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು, ಒಂದೊಂದಾಗಿ ಬದಲಾಯಿಸಿ. ಬಾಗಿಲ ಮೇಲೆ ಡಿಗ್ರಿ ತೋರಿಸುವ ಪ್ಯಾನೆಲ್ ಇರುವ ಫ್ರಿಜ್ಜಿನಲ್ಲಿ ಇಷ್ಟು ಯೋಚನೆ ಇಲ್ಲ. ಬಟನ್ ಒತ್ತಿದರೂ ಕೇಳದಿದ್ದರೆ ಲಾಕ್ ಆಗಿರುತ್ತದೆ, ಬೀಗದ ಚಿತ್ರವನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಬಿಡುತ್ತದೆ.

ಸರಿಯಾದ ಅಂಕಿ ಯಾವುದು? ನಿಮ್ಮ ಅಡುಗೆಮನೆಯೇ ಹೇಳಬೇಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪ್ರಕಾರ ತಣ್ಣಗಿಡುವ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು, ಫ್ರೀಜರ್ ಮೈನಸ್ 18. ಅಳೆಯಲು ಒಂದು ಲೋಟ ನೀರನ್ನು ನಡುವಿನ ತಟ್ಟೆಯಲ್ಲಿಟ್ಟು, ಅದರಲ್ಲಿ ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ಬಿಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, 0 ಡಿಗ್ರಿಯವರೆಗೆ ತೋರಿಸುವಂಥದ್ದು ಬೇಕು. ಬೆಳಿಗ್ಗೆ, ಯಾರೂ ಬಾಗಿಲು ತೆರೆಯುವ ಮೊದಲು ನೋಡಿ. 3ರಿಂದ 5ರೊಳಗೆ ಇದ್ದರೆ ಮುಟ್ಟಬೇಡಿ. ಹೆಚ್ಚಿದ್ದರೆ ಒಂದಂಕಿ ಏರಿಸಿ, ಪೂರಾ 24 ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಗಾಳಿಯ ಬದಲು ನೀರನ್ನೇ ಅಳೆಯುವುದು ಏಕೆಂದರೆ, ಬಾಗಿಲು ತೆರೆದ ತಕ್ಷಣ ಒಳಗಿನ ಗಾಳಿ ಬಿಸಿಯಾಗುತ್ತದೆ, ನೀರು ಅಷ್ಟು ಬೇಗ ಬದಲಾಗುವುದಿಲ್ಲ.

ಈ ಶಿಸ್ತು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಹಾಲಿನ ಡೇರಿಯ ಬಲ್ಕ್ ಕೂಲರ್ ಹಸುವಿನ ಮೈಬಿಸಿಯಲ್ಲಿ ಬಂದ ಹಾಲನ್ನು 4 ಡಿಗ್ರಿಗೆ ಇಳಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆ 2ರಿಂದ 8 ಡಿಗ್ರಿಯೊಳಗೆ ಇರಬೇಕು, ದಿನಕ್ಕೆರಡು ಸಲ ನೋಡಿ ಬರೆದಿಡುತ್ತಾರೆ. ಕೆಲವು ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಕೆಲಸಕ್ಕೆ ಬಾರವು. ಮನೆಯಲ್ಲಿಡುವ ಇನ್ಸುಲಿನ್‌ಗೂ ಇದೇ ಮಾತು: ಐಸ್ ಬಾಕ್ಸಿನ ಹತ್ತಿರ ಬೇಡ, ನಡುವಿನ ತಟ್ಟೆ ಒಳ್ಳೆಯದು.

ಎಲ್ಲಕ್ಕೂ ತಂಪು ಒಳ್ಳೆಯದೂ ಅಲ್ಲ. ಶ್ರೀನಿವಾಸಪುರದ ಮಾವು ಕಾಯಾಗಿರುವಾಗ ಫ್ರಿಜ್ಜಿಗೆ ಹೋದರೆ ಹಣ್ಣಾಗುವುದೇ ನಿಂತು, ಸಿಪ್ಪೆಯ ಮೇಲೆ ಕಪ್ಪು ಕುಳಿ ಬೀಳುತ್ತದೆ. 12 ಡಿಗ್ರಿಗಿಂತ ಕೆಳಗಿನ ತಂಪು ಅದಕ್ಕೆ ಪೆಟ್ಟು. ಬಾದಾಮಿಯಾಗಲಿ ಮಲ್ಲಿಕಾ ಆಗಲಿ ಹೊರಗೆ ಹಣ್ಣಾಗಲಿ, ಆಮೇಲೆ ಒಂದೆರಡು ದಿನ ಒಳಗಿಡಿ. ಟೊಮ್ಯಾಟೊಗೂ ಅಷ್ಟೇ, ಬಹಳ ತಂಪಿನಲ್ಲಿ ಅದರ ಘಮ ಹೋಗುತ್ತದೆ. ಕೋಲಾರ ಎಪಿಎಂಸಿಯಿಂದ ದೇಶದುದ್ದಕ್ಕೂ ಟೊಮ್ಯಾಟೊ ಕಳಿಸುವ ನಾವು ಮನೆಯಲ್ಲಿ ಅದನ್ನು ಐಸ್ ಬಾಕ್ಸಿನ ಕೆಳಗೆ ತುರುಕುವುದು ನನಗಂತೂ ಸರಿಕಾಣುವುದಿಲ್ಲ. ದೋಸೆ ಹಿಟ್ಟು ಮಾತ್ರ ಹುಳಿ ಬಂದ ಮೇಲೆ ಒಳಗೇ ಇರಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಮಾರನೆಯ ದಿನಕ್ಕೆ ಬಾಯಿಗಿಡಲಾಗದು.

ಇನ್ನು ಕಾರು. ಇಲ್ಲಿನ ನಾಬ್ ಫ್ರಿಜ್ಜಿನದಕ್ಕಿಂತ ಬೇರೆ ಜಾತಿ. ಮ್ಯಾನ್ಯುಯಲ್ ಏಸಿ ಇರುವ ಕಾರಿನಲ್ಲಿ ಅದು ಏನನ್ನೂ ಅಳೆಯುವುದಿಲ್ಲ, ಗಾಳಿ ಬೆರೆಸುತ್ತದೆ. ಎಂಜಿನ್ ತಣಿಸಿ ಬಿಸಿಯಾದ ಕೂಲೆಂಟ್ ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರಿನಲ್ಲೂ ಹರಿಯುತ್ತದೆ. ನಾಬ್ ಕೆಂಪಿಗೆ ಹೋದಂತೆ ಒಳಗಿನ ಪ್ಲಾಸ್ಟಿಕ್ ಪರದೆ ತಿರುಗಿ ಬ್ಲೋವರಿನ ಗಾಳಿಯನ್ನು ಅದರ ಮೂಲಕ ಹಾಯಿಸುತ್ತದೆ. ಹಾಗಾಗಿ ಗಾಡಿ ಚಾಲೂ ಮಾಡಿದ ಕೂಡಲೇ ಬಿಸಿ ಬರುವುದಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಕೆಲವು ಕಿಲೋಮೀಟರ್ ಕಾಯಬೇಕು, ಅಲ್ಲಿಯವರೆಗೆ ಬ್ಲೋವರ್ ಜೋರು ಮಾಡಿದರೆ ತಣ್ಣನೆಯ ಗಾಳಿಯೇ ಮುಖಕ್ಕೆ ಬರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಹೀಟರಿಗೆ ಬ್ಯಾಟರಿಯೇ ಗತಿ, ಬೇಗ ಬಿಸಿಯಾಗುತ್ತದೆ, ಆದರೆ ಓಡುವ ದೂರ ಕಡಿಮೆಯಾಗುತ್ತದೆ.

ನಮ್ಮ ಕಡೆ ಹೀಟರಿನ ನಿಜವಾದ ಉಪಯೋಗ ಗಾಜಿಗೆ. ಚಳಿಗಾಲದ ಬೆಳಗಿನ ಜಾವ ಮುಳಬಾಗಿಲಿನಿಂದ ಹೆದ್ದಾರಿ 75ರಲ್ಲಿ ಬೆಂಗಳೂರಿಗೆ ಹೊರಟು ಕಾರಿನಲ್ಲಿ ನಾಲ್ವರು ಕೂತರೆ, ಅವರ ಉಸಿರಿನ ತೇವ ತಣ್ಣನೆಯ ಗಾಜಿನ ಒಳಮೈ ಮೇಲೆ ಕೂತು ಮುಂದಿನ ದಾರಿ ಮಸುಕಾಗುತ್ತದೆ. ಕೈಯಲ್ಲೋ ಟವೆಲಿನಲ್ಲೋ ಒರೆಸುತ್ತಾ ಓಡಿಸುವುದು ಅಪಾಯ. ಬಾಗಿದ ಗಾಜಿನ ಮೇಲೆ ಮೂರು ಡೊಂಕು ಬಾಣವಿರುವ ಗುರುತಿಗೆ ನಾಬ್ ತಿರುಗಿಸಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ, ಹೊರಗಿನ ಗಾಳಿ ಬರಲಿ. ಟೆಂಪರೇಚರ್ ಕೆಂಪಿನ ಕಡೆ ಇರಲಿ, ಜೊತೆಗೆ ಏಸಿಯನ್ನೂ ಹಾಕಿ. ಹೀಟರ್ ಜೊತೆ ಏಸಿಯೇ ಎಂದು ಆಶ್ಚರ್ಯಪಡಬೇಡಿ. ಏಸಿ ಗಾಳಿಯ ತೇವವನ್ನು ಹಿಂಡುತ್ತದೆ, ಹೀಟರ್ ಅದೇ ಒಣ ಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಕಳಿಸುತ್ತದೆ, ಬೇಗನೆ ತಿಳಿಯಾಗುತ್ತದೆ. ಚೌಕದೊಳಗೆ ಬಾಣವಿರುವ ಗುರುತು ಹಿಂದಿನ ಗಾಜಿನದು, ಅಲ್ಲಿ ಕರೆಂಟಿನ ತಂತಿ ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಮಸುಕು ಗಾಜಿನ ಹೊರಮೈ ಮೇಲೂ ಕೂರಬಹುದು. ಏಸಿಯಿಂದ ಗಾಜು ತಣ್ಣಗಾಗಿ ಹೊರಗಿನ ತೇವ ಅಂಟಿಕೊಂಡಿರುತ್ತದೆ. ಬೆರಳಿನಿಂದ ಒಳಗೆ ಗೀಚಿ ನೋಡಿ, ಗೀರು ಮೂಡದಿದ್ದರೆ ಮಸುಕು ಹೊರಗಿದೆ. ಆಗ ವೈಪರ್ ಆಡಿಸಿ, ಏಸಿಯ ತಂಪು ಕಡಿಮೆ ಮಾಡಿ.

ಬೇಸಿಗೆಯಲ್ಲಿ ಏಸಿ ಸಾಲುತ್ತಿಲ್ಲ ಎಂದು ಗ್ಯಾಸ್ ತುಂಬಿಸಲು ಓಡುವ ಮೊದಲು ಇದೇ ನಾಬ್ ಪೂರ್ತಿ ನೀಲಿಯಲ್ಲಿದೆಯೇ ನೋಡಿಕೊಳ್ಳಿ. ಸ್ವಲ್ಪ ಸರಿದಿದ್ದರೂ ಬಿಸಿಗಾಳಿ ಬೆರೆಯುತ್ತಿರುತ್ತದೆ. ಮಾಲೂರಿನ ಬಿಸಿಲಿನಲ್ಲಿ ನಿಂತ ಕಾರಾದರೆ ಮೊದಲು ಕಿಟಕಿ ಇಳಿಸಿ ಒಳಗಿನ ಕಾವು ಹೊರಹೋಗಲು ಬಿಡಿ, ಆಮೇಲೆ ಏಸಿ.

ಹೀಟರ್ ಎಷ್ಟು ಹೊತ್ತಾದರೂ ಬಿಸಿಯಾಗದಿದ್ದರೆ ಕೂಲೆಂಟ್ ಕಡಿಮೆಯಾಗಿರಬಹುದು, ಎಂಜಿನ್ನಿನ ಥರ್ಮೋಸ್ಟಾಟ್ ತೆರೆದೇ ಕೂತಿರಬಹುದು, ಇಲ್ಲವೇ ನಾಬಿನ ಕೇಬಲ್ ಕಳಚಿರಬಹುದು. ಒಳಗೆ ಸಿಹಿ ವಾಸನೆ ಬಂದು ಗಾಜಿನ ಮೇಲೆ ಜಿಡ್ಡು ಕೂತರೆ ಒಳಗಿನ ಚಿಕ್ಕ ರೇಡಿಯೇಟರ್ ಸೋರುತ್ತಿದೆ, ತಡಮಾಡದೆ ಗ್ಯಾರೇಜಿಗೆ ಒಯ್ಯಿರಿ. ಚಿತ್ತೂರಿನಿಂದ ಬರುವಾಗ ಮೊಗಿಲಿ ಘಾಟಿ ಏರುತ್ತಾ ಎಂಜಿನ್ ಬಿಸಿಯ ಮುಳ್ಳು ಕೆಂಪಿನ ಕಡೆ ಹೋದರೆ ಏಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ಜೋರಿಗೆ ಇಡಿ. ಬೆವರು ಹರಿದರೂ ಸರಿ, ಎಂಜಿನ್ನಿನ ಶಾಖ ಕಾರಿನೊಳಕ್ಕೆ ಬಂದು ಅದಕ್ಕೆ ಅಷ್ಟು ಹೊರೆ ಇಳಿಯುತ್ತದೆ. ಜಾಗ ಸಿಕ್ಕ ಕಡೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಬೇಡಿ.